ಗುಜರಿಗೆ ಹೊರಟಿದ್ದ ಕಂಪ್ಯೂಟರ್ ನಮ್ಮನೆ ಟಾಕೀಸ್ ಆದದ್ದು



ಹೋದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ಎರೆಹುಳು ಗೊಬ್ಬರ ಮಾಡುವ ವಿಧಾನ ಬಂದಿತ್ತು. ಈ ತಿಂಗಳು ನಾನು, ಹಳೇ ಕಂಪ್ಯೂಟರನ್ನು ಟಿ.ವಿ.ಗೆ ಜೋಡಿಸಿ ಮನೆಯಲ್ಲೇ ಒಂದು ಪುಟ್ಟ ಟಾಕೀಸ್ ಮಾಡಿಕೊಳ್ಳುವುದು ಹೇಗೆ ಅಂತ ಬರೆಯುತ್ತಿದ್ದೇನೆ. ಇದಕ್ಕೆ ‘ಹೋಮ್ ಥಿಯೇಟರ್ ಪಿ.ಸಿ.’ ಎಂದು ಹೆಸರು. ಇದು ಪುಸ್ತಕ ನೋಡಿ ಬರೆದದ್ದಲ್ಲ, ನಮ್ಮನೇಲಿ ನಾವೇ ಮಾಡಿದ್ದು. ನಾನು ಮಾಡಿದ ತಪ್ಪನ್ನೂ ಬರೆದಿದ್ದೇನೆ. ಅದನ್ನು ಓದಿ ನಗಬೇಡಿ.

ಇದು ಯಾಕೆ ಬೇಕಾಯಿತು?

ನಮ್ಮದು ತುಮಕೂರು ಜಿಲ್ಲೆ. ಗುಬ್ಬಿ ವೀರಣ್ಣನವರ ಜಿಲ್ಲೆ ಅಂದಮೇಲೆ ನಾಟಕದ ಹುಚ್ಚು ಎಷ್ಟು ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮೂರ ಜಾತ್ರೆಯಲ್ಲಿ ಊರಿನವರೇ ಬಣ್ಣ ಹಚ್ಚಿಕೊಂಡು ‘ಕುರುಕ್ಷೇತ್ರ’ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ರಾತ್ರಿ ಶುರುವಾದರೆ ಮುಗಿಯುವುದು ಕೋಳಿ ಕೂಗಿದ ಮೇಲೆಯೇ.

೨೦೦೯ರ ಜಾತ್ರೆಯಲ್ಲಿ ನಮ್ಮ ತಾತ ಶಕುನಿ ಪಾರ್ಟು ಮಾಡಿದ್ದರಂತೆ. ಅವತ್ತಿನಿಂದ ನಮ್ಮ ಮನೆಗೆ ‘ಶಕುನಿ ಮನೆ’ ಅಂತಲೇ ಹೆಸರು ಬಿತ್ತು. ನಾನು ಶಕುನಿ ಮೊಮ್ಮಗಳು. ಒಂದನೇ ಕ್ಲಾಸಿನಲ್ಲಿ ಯಾರಾದರೂ ಹಾಗೆ ಕರೆದರೆ ನಾನು ಅಳುತ್ತಾ ಮನೆಗೆ ಹೋಗುತ್ತಿದ್ದೆ. ತಾತ ೨೦೧೧ರಲ್ಲಿ ತೀರಿಕೊಂಡರು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಅವರ ಫೋಟೋ ನೋಡಿದ್ದೇನೆ, ಆದರೆ ದನಿ ಕೇಳಿರಲಿಲ್ಲ.

ಆ ನಾಟಕವನ್ನು ಸ್ಟುಡಿಯೋದವರು ವಿಡಿಯೋ ಮಾಡಿ ಸೀಡಿ ಕೊಟ್ಟಿದ್ದರು. ಅದು ತಾತನ ಟ್ರಂಕಿನಲ್ಲಿ ನಾಟಕದ ಪುಸ್ತಕದ ಜೊತೆ ಇತ್ತು. ನಾಲ್ಕು ಸೀಡಿಯಲ್ಲಿ ಎರಡು ಯಾರೋ ನೋಡಲು ಒಯ್ದವರು ವಾಪಸ್ ಕೊಡಲೇ ಇಲ್ಲ. ಉಳಿದ ಎರಡನ್ನು ಹಾಕಲು ಯಂತ್ರವಿಲ್ಲ. ಡಿ.ವಿ.ಡಿ. ಪ್ಲೇಯರ್ ಕೆಟ್ಟು ಎಷ್ಟೋ ವರ್ಷವಾಯಿತು. ಮೊಬೈಲಿಗೆ ಸೀಡಿ ಹಾಕಲು ಬರುವುದಿಲ್ಲ. ಅಜ್ಜಿಗೆ ಮಂಡಿನೋವು, ಈಗ ಜಾತ್ರೆ ಮೈದಾನದವರೆಗೂ ನಡೆಯಲು ಆಗಲ್ಲ. “ನಾಟ್ಕ ಅಂದ್ರೆ ನಿಮ್ ತಾತಂದು ಕಣವ್ವ. ಒಂದ್ಸಲ ನೋಡ್ಬಿಟ್ರೆ ಸಾಕಿತ್ತು” ಅಂತ ಅಜ್ಜಿ ಆಗಾಗ ಅನ್ನುತ್ತಿತ್ತು.

ಇದೇ ಹೊತ್ತಿಗೆ ನಮ್ಮ ಸೋದರಮಾವ ತಮ್ಮ ಜೆರಾಕ್ಸ್ ಅಂಗಡಿಗೆ ಹೊಸ ಕಂಪ್ಯೂಟರ್ ತಂದರು. ಹಳೇದನ್ನು ಗುಜರಿಗೆ ಹಾಕುವುದು ಅಂತಾಯಿತು. ಗುಜರಿಯವರು ೪೦೦ ರೂಪಾಯಿಗೆ ಕೇಳಿದ್ದರು. ನಾನು ಮಾವನ ಹತ್ತಿರ ಕಾಡಿ ಬೇಡಿ ಅದನ್ನು ಮನೆಗೆ ತಂದೆ. ಅಪ್ಪನಿಗೆ ಇಷ್ಟವಿರಲಿಲ್ಲ. “ಜಾಗಕ್ಕೆ ದಂಡ, ಕರೆಂಟಿಗೆ ದಂಡ. ಬರೋ ಭಾನುವಾರ ಗುಜರಿ ಗಾಡಿ ಬರೋದ್ರೊಳಗೆ ಅದು ನಡೆದ್ರೆ ಸರಿ, ಇಲ್ದಿದ್ರೆ ಗಾಡಿಗೆ” ಅಂದರು. ನನಗೆ ಸಿಕ್ಕಿದ್ದು ಏಳು ದಿನ. ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಿರುವ ದೊಡ್ಡಪ್ಪನ ಮಗ ಅಣ್ಣ ರಜೆಗೆ ಬಂದಿದ್ದ. ಅವನೇ ನನ್ನ ಗುರು.

ಡಬ್ಬದೊಳಗೆ ಏನೇನಿದೆ?

ನಾವು ‘ಸಿ.ಪಿ.ಯು.’ ಅಂತ ಕರೆಯುವ ಡಬ್ಬಕ್ಕೆ ಸರಿಯಾದ ಹೆಸರು ಕ್ಯಾಬಿನೆಟ್. ಸಿ.ಪಿ.ಯು. ಅಂದರೆ ಅದರೊಳಗಿನ ಒಂದು ಬಿಲ್ಲೆ ಮಾತ್ರ. ಡಬ್ಬದ ಒಂದು ಪಕ್ಕದ ತಗಡು ತೆಗೆದರೆ ಒಳಗೆ ಇವು ಕಾಣುತ್ತವೆ.

ಮದರ್‌ಬೋರ್ಡ್: ಎಲ್ಲ ಭಾಗಗಳೂ ಕೂರುವ ದೊಡ್ಡ ಹಲಗೆ.

ಪ್ರೊಸೆಸರ್: ಇದು ಅಡುಗೆಭಟ್ಟನಿದ್ದ ಹಾಗೆ. ಎಲ್ಲ ಕೆಲಸ ಮಾಡುವುದು ಇದೇ. ನಮ್ಮದರಲ್ಲಿ ಇದ್ದದ್ದು ಕೋರ್ ೨ ಡ್ಯುಯೋ. ಈ ಜಾತಿಯ ಪ್ರೊಸೆಸರ್ ೨೦೦೬ರಲ್ಲಿ ಬಂತು. ಒಂದೇ ಬಿಲ್ಲೆಯಲ್ಲಿ ಇಬ್ಬರು ಭಟ್ಟರು ಇರುತ್ತಾರೆ.

ರ‍್ಯಾಮ್: ಇದು ಅಡುಗೆಮನೆಯ ಕಟ್ಟೆ. ಈಗ ಮಾಡುವ ಅಡುಗೆಗೆ ಬೇಕಾದ ಸಾಮಾನು ಮಾತ್ರ ಕಟ್ಟೆಯ ಮೇಲಿರುತ್ತದೆ. ಕರೆಂಟು ಹೋದರೆ ಕಟ್ಟೆ ಖಾಲಿ.

ಹಾರ್ಡ್ ಡಿಸ್ಕ್: ಇದು ಕಣಜ. ಕರೆಂಟು ಹೋದರೂ ಇದರೊಳಗಿನ ಕಾಳು ಹಾಗೇ ಇರುತ್ತದೆ. ನಮ್ಮದರಲ್ಲಿ ೧೬೦ ಜಿ.ಬಿ. ಇತ್ತು. ಇದರೊಳಗಿನ ತಟ್ಟೆ ನಿಮಿಷಕ್ಕೆ ೭೨೦೦ ಸುತ್ತು ತಿರುಗುತ್ತದೆ. ಅದಕ್ಕೇ ಓಡುತ್ತಿರುವಾಗ ಡಬ್ಬವನ್ನು ಎತ್ತಿ ಕುಕ್ಕಬಾರದು.

ಎಸ್.ಎಂ.ಪಿ.ಎಸ್.: ಗೋಡೆಯ ೨೩೦ ವೋಲ್ಟನ್ನು ೧೨, ೫ ಮತ್ತು ೩.೩ ವೋಲ್ಟಿಗೆ ಇಳಿಸಿ ಎಲ್ಲರಿಗೂ ಹಂಚುವ ಪೆಟ್ಟಿಗೆ. ಇದನ್ನು ಬಿಚ್ಚಲೇಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ, ಹೊಡೆಯುತ್ತದೆ.

ಸೀಡಿ ಡ್ರೈವ್: ಹೊಸ ಕಂಪ್ಯೂಟರುಗಳಲ್ಲಿ ಇದು ಬರುವುದೇ ಅಪರೂಪ. ನಮಗೆ ಬೇಕಾದದ್ದು ಇದೇ. ಹಾಗಾಗಿ ನಮ್ಮ ಕೆಲಸಕ್ಕೆ ಹಳೇ ಕಂಪ್ಯೂಟರೇ ಮೇಲು!

ಮೊದಲನೇ ಕೆಲಸ: ಧೂಳು ಬಿಡಿಸುವುದು

ಮೊದಲು ಪ್ಲಗ್ ಕಿತ್ತು ಪಕ್ಕಕ್ಕಿಡಬೇಕು. ಆಮೇಲೆ ಆನ್ ಮಾಡುವ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಬೇಕು. ಮದರ್‌ಬೋರ್ಡಿನಲ್ಲಿ ಉಳಿದಿದ್ದ ಅಷ್ಟಿಷ್ಟು ಕರೆಂಟು ಖರ್ಚಾಗಿ ಹೋಗುತ್ತದೆ. ಡಬ್ಬದ ತಗಡನ್ನು ಒಂದು ಸಲ ಬರಿಗೈಯಲ್ಲಿ ಮುಟ್ಟಿ ಆಮೇಲೆ ಒಳಗೆ ಕೈ ಹಾಕಬೇಕು. ನಮ್ಮ ಮೈಯಲ್ಲಿ ಸ್ಥಾಯಿ ವಿದ್ಯುತ್ ಇರುತ್ತದೆ ಅಂತ ವಿಜ್ಞಾನದ ಮೇಷ್ಟ್ರು ಬಾಚಣಿಗೆಗೆ ಕಾಗದದ ಚೂರು ಅಂಟಿಸಿ ತೋರಿಸಿದ್ದರಲ್ಲ, ಅದೇ. ನಮಗೆ ಗೊತ್ತೂ ಆಗದಷ್ಟು ಸಣ್ಣ ಕಿಡಿ ಕೂಡ ಬಿಲ್ಲೆಗಳನ್ನು ಕೆಡಿಸಬಲ್ಲದು.

ನಮ್ಮ ಡಬ್ಬದೊಳಗೆ ಧೂಳು ಕಂಬಳಿ ಹೊದ್ದ ಹಾಗೆ ಕೂತಿತ್ತು. ಎರಡು ಹಲ್ಲಿ ಮೊಟ್ಟೆಯ ಸಿಪ್ಪೆಯೂ ಸಿಕ್ಕಿತು. ಒಣಗಿದ ಪೇಂಟ್ ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿದೆವು. ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡೇ ಗುಡಿಸಬೇಕು, ಅದು ಗಿರ್ರನೆ ತಿರುಗಬಾರದು. ಒದ್ದೆ ಬಟ್ಟೆ ಮುಟ್ಟಿಸಬಾರದು.

ಧೂಳು ತೆಗೆಯುವುದು ಬರೀ ಚೆಂದಕ್ಕಲ್ಲ. ಪ್ರೊಸೆಸರ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಅದರ ಮೇಲೆ ಅಲ್ಯುಮಿನಿಯಂ ಪಟ್ಟಿಗಳ ಹೀಟ್ ಸಿಂಕ್, ಅದರ ಮೇಲೆ ಫ್ಯಾನ್ ಇರುತ್ತದೆ. ಪಟ್ಟಿಗಳ ಸಂದಿಯಲ್ಲಿ ಧೂಳು ತುಂಬಿದರೆ ಬಿಸಿ ಹೊರಗೆ ಹೋಗಲ್ಲ. ಆಗ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಬಿಸಿ ಇನ್ನೂ ಹೆಚ್ಚಾದರೆ ಕಂಪ್ಯೂಟರ್ ತಾನಾಗಿ ಆಫ್ ಆಗುತ್ತದೆ. ಮಾವ “ಇದು ಸ್ಲೋ ಆಗೋಯ್ತು” ಅನ್ನುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಪ್ರೊಸೆಸರ್ ಮತ್ತು ಹೀಟ್ ಸಿಂಕ್ ನಡುವೆ ಒಂದು ಪೇಸ್ಟ್ ಹಚ್ಚಿರುತ್ತಾರೆ. ಕಣ್ಣಿಗೆ ಕಾಣದ ಸಂದಿಯಲ್ಲಿ ಗಾಳಿ ನಿಂತರೆ ಬಿಸಿ ದಾಟುವುದಿಲ್ಲ, ಆ ಸಂದಿ ತುಂಬಲು ಪೇಸ್ಟ್. ನಮ್ಮದು ಒಣಗಿ ಸುಣ್ಣದ ಹಾಗಾಗಿತ್ತು. ಅಣ್ಣ ಒರೆಸಿ, ಕಡಲೆಕಾಳಿನಷ್ಟು ಹೊಸ ಪೇಸ್ಟ್ ಹಚ್ಚಿದ. ಇದನ್ನು ಮಾತ್ರ ಗೊತ್ತಿದ್ದವರೇ ಮಾಡಬೇಕು.

ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದ ಹಾಗಿರುವ ಸೆಲ್ ಇರುತ್ತದೆ. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತದೆ. ಅದರ ಮೇಲೆ ಸಿ.ಆರ್. ೨೦೩೨ ಅಂತ ಬರೆದಿರುತ್ತದೆ. ೨೦ ಅಂದರೆ ೨೦ ಮಿಲಿಮೀಟರ್ ಅಗಲ, ೩೨ ಅಂದರೆ ೩.೨ ಮಿಲಿಮೀಟರ್ ದಪ್ಪ. ನಂಬರಿನಲ್ಲೇ ಅಳತೆ ಇದೆ!

ನಾನು ಮಾಡಿದ ತಪ್ಪು

ಮಾರನೇ ದಿನ ಅಣ್ಣ ತುಮಕೂರಿಗೆ ಹೋಗಿದ್ದ. ನಾನು ತಡೆಯಲಾರದೆ ಒಬ್ಬಳೇ ರ‍್ಯಾಮ್ ಪಟ್ಟಿಗಳನ್ನು ಕಿತ್ತು ಧೂಳು ಒರೆಸಿ ಮತ್ತೆ ಹಾಕಿದೆ. ಆನ್ ಮಾಡಿದರೆ ಪರದೆ ಕಪ್ಪು. ಬೀಪ್, ಬೀಪ್, ಬೀಪ್ ಅಂತ ಒಂದೇ ಸಮನೆ ಕೂಗಿತು. ನನಗೆ ಕೈಕಾಲು ನಡುಗಿತು. ಮಾವನ ಕಂಪ್ಯೂಟರ್ ಕೊಂದುಬಿಟ್ಟೆ ಅಂತ ತಿಳಿದೆ. ರಾತ್ರಿ ಊಟ ಸೇರಲಿಲ್ಲ. ಅಪ್ಪನಿಗೆ ಹೇಳಲಿಲ್ಲ, ಅಜ್ಜಿಗೆ ಮಾತ್ರ ಹೇಳಿದೆ. ಅಜ್ಜಿ “ಕೂಗ್ತಾ ಐತೆ ಅಂದ್ರೆ ಜೀವ ಐತೆ ಅಂತ ತಾನೆ?” ಅಂದಿತು.

ಅಜ್ಜಿ ಹೇಳಿದ್ದು ನಿಜವಾಗಿತ್ತು. ಕಂಪ್ಯೂಟರ್ ಆನ್ ಆದ ಕೂಡಲೇ ತನ್ನ ಭಾಗಗಳನ್ನು ತಾನೇ ಹಾಜರಿ ಕರೆಯುತ್ತದೆ. ಯಾರಾದರೂ ‘ಪ್ರೆಸೆಂಟ್ ಸಾರ್’ ಅನ್ನದಿದ್ದರೆ, ಪರದೆಯಲ್ಲಿ ಬರೆದು ತೋರಿಸಲು ಆಗದಿದ್ದಾಗ, ಬೀಪ್ ಸದ್ದಿನಲ್ಲಿ ಹೇಳುತ್ತದೆ. ಎಷ್ಟು ಬೀಪ್‌ಗೆ ಏನು ಅರ್ಥ ಅನ್ನುವುದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ನಮ್ಮಲ್ಲಿ ಗೈರುಹಾಜರಾಗಿದ್ದದ್ದು ರ‍್ಯಾಮ್. ಅಣ್ಣ ಬಂದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ನನ್ನ ಕಂಪಾಸ್ ಬಾಕ್ಸಿನ ಪೆನ್ಸಿಲ್ ರಬ್ಬರಿನಿಂದಲೇ ಮೆಲ್ಲಗೆ ಉಜ್ಜಿದ. ರಬ್ಬರ್ ಪುಡಿ ಕೊಡವಿ, ಎರಡೂ ಕಡೆಯ ಕ್ಲಿಪ್ಪು ‘ಟಕ್’ ಅನ್ನುವವರೆಗೆ ಒತ್ತಿದ. ನಾನು ಒಂದು ಕಡೆ ಮಾತ್ರ ಒತ್ತಿದ್ದೆ. ಈ ಸಲ ಒಂದೇ ಒಂದು ಸಣ್ಣ ಬೀಪ್ ಬಂತು, ಪರದೆಯಲ್ಲಿ ಅಕ್ಷರ ಮೂಡಿತು.

ಹಳೆಯ ರ‍್ಯಾಮ್ ೨ ಜಿ.ಬಿ. ಇತ್ತು. ಅಣ್ಣ ಸೆಕೆಂಡ್‌ಹ್ಯಾಂಡಿನಲ್ಲಿ ಇನ್ನೊಂದು ೨ ಜಿ.ಬಿ. ತಂದಿದ್ದ. ಒಟ್ಟು ೪ ಆಯಿತು. ಕಟ್ಟೆ ದೊಡ್ಡದಾಯಿತು. ರ‍್ಯಾಮ್ ತರುವಾಗ ಹಳೇದನ್ನು ಜೊತೆಗೆ ಒಯ್ಯಬೇಕು. ಡಿ.ಡಿ.ಆರ್. ೨, ೩, ೪ ಅಂತ ಜಾತಿಗಳಿವೆ. ಒಂದರ ಗಾಡಿ ಇನ್ನೊಂದರ ಮೇಲೆ ಕೂರದ ಹಾಗೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಬಲವಂತ ಮಾಡಿದರೆ ಮುರಿಯುತ್ತದೆ.

ಎರಡನೇ ಕೆಲಸ: ತಂತ್ರಾಂಶ ಬದಲಾಯಿಸುವುದು

ಆ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್.ಪಿ. ಇತ್ತು. ಅದನ್ನು ತಯಾರಿಸಿದವರು ಅದರ ರಿಪೇರಿಯನ್ನು ೨೦೧೪ರ ಏಪ್ರಿಲ್‌ನಲ್ಲೇ ನಿಲ್ಲಿಸಿದ್ದಾರೆ. ಬಾಗಿಲಿನ ಚಿಲಕ ಹಾಳಾದರೂ ಸರಿಮಾಡುವವರಿಲ್ಲದ ಮನೆಯ ಹಾಗೆ. ಅದನ್ನು ಇಂಟರ್‌ನೆಟ್ಟಿಗೆ ಜೋಡಿಸುವುದು ಅಪಾಯ. ವಿಂಡೋಸ್ ೧೦ಕ್ಕೂ ೨೦೨೫ರ ಅಕ್ಟೋಬರ್ ೧೪ಕ್ಕೆ ಮಾಮೂಲಿ ರಿಪೇರಿ ನಿಂತಿತು. ಇನ್ನೂ ಹೊಸದು ನಮ್ಮ ಯಂತ್ರಕ್ಕೆ ಹಿಡಿಸುವುದಿಲ್ಲ.

ಅದಕ್ಕೆ ನಾವು ಲಿನಕ್ಸ್ ಹಾಕಿದೆವು. ಇದನ್ನು ೧೯೯೧ರಲ್ಲಿ ಫಿನ್ಲೆಂಡ್ ದೇಶದ ಲೀನಸ್ ಟೊರ್ವಾಲ್ಡ್ಸ್ ಎಂಬುವರು ಶುರುಮಾಡಿದರು. ಆಗ ಅವರು ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ. ಅದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಬಹುದು, ಹಂಚಬಹುದು. ಅದರಲ್ಲಿ ತುಂಬಾ ಬಗೆಗಳಿವೆ. ನಾವು ಹಾಕಿದ್ದು ಲಿನಕ್ಸ್ ಮಿಂಟ್‌ನಲ್ಲಿ ಹಗುರವಾದ ಎಕ್ಸ್.ಎಫ್.ಸಿ.ಇ. ಎಂಬ ಬಗೆ.

ಹಾಕುವ ಮೊದಲು ಒಂದು ಮುಖ್ಯ ಕೆಲಸ. ಹಳೇ ಹಾರ್ಡ್ ಡಿಸ್ಕಿನಲ್ಲಿ ಏನಿದೆ ಅಂತ ನೋಡಿ, ಬೇಕಾದ್ದನ್ನು ಬೇರೆ ಕಡೆ ತೆಗೆದಿಡಬೇಕು. ಅಂಗಡಿಗೆ ಬಂದ ಜನರ ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡುಗಳ ನಕಲು ರಾಶಿ ರಾಶಿ ಅದರಲ್ಲಿತ್ತು. ಮಾವನ ಲೆಕ್ಕ ಮಾತ್ರ ತೆಗೆದುಕೊಂಡು ಉಳಿದದ್ದನ್ನೆಲ್ಲ ಪೂರ್ತಿ ಅಳಿಸಿದೆವು. ಹಾಗೇ ಗುಜರಿಗೆ ಹೋಗಿದ್ದರೆ ಊರಿನವರ ಕಾಗದಪತ್ರ ಯಾರ ಕೈ ಸೇರುತ್ತಿತ್ತೋ! ಮಾವನಿಗೂ ಇದು ಹೊಳೆದಿರಲಿಲ್ಲ.

ಅಣ್ಣ ತನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದ. ಕಂಪ್ಯೂಟರ್ ಆನ್ ಆಗುವಾಗ ‘ಹಾರ್ಡ್ ಡಿಸ್ಕಿನಿಂದಲ್ಲ, ಪೆನ್‌ಡ್ರೈವಿನಿಂದ ಎದ್ದೇಳು’ ಅಂತ ಹೇಳಬೇಕು. ಮೊದಲು ಹಾಗೇ ಓಡಿಸಿ ಪರದೆ, ಸದ್ದು, ಮೌಸ್ ಸರಿಯಿದೆಯೇ ನೋಡಿ ಆಮೇಲೆ ಹಾರ್ಡ್ ಡಿಸ್ಕಿಗೆ ಇಳಿಸಬಹುದು. ಇಳಿಸಲು ಮುಕ್ಕಾಲು ಗಂಟೆ ಹಿಡಿಯಿತು.

ಟಾಕೀಸಿಗೆಂದೇ ‘ಕೋಡಿ’ ಎಂಬ ಉಚಿತ ತಂತ್ರಾಂಶವಿದೆ. ಅದು ಮೊದಲು ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಹುಟ್ಟಿದ್ದು, ೨೦೧೪ರಲ್ಲಿ ಕೋಡಿ ಅಂತ ಹೆಸರಾಯಿತು. ಸಿನಿಮಾ, ಹಾಡು, ಫೋಟೋ ಎಲ್ಲವನ್ನೂ ದೊಡ್ಡ ದೊಡ್ಡ ಚಿತ್ರಗಳಲ್ಲಿ ಜೋಡಿಸಿ ತೋರಿಸುತ್ತದೆ. ನಮ್ಮ ಯಂತ್ರಕ್ಕೆ ಅದು ಭಾರವಾಗಿ ತಡವರಿಸಿತು. ಅದಕ್ಕೆ ವಿ.ಎಲ್.ಸಿ. ಹಾಕಿದೆವು. ಅದು ೧೯೯೬ರಲ್ಲಿ ಪ್ಯಾರಿಸ್ಸಿನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಶುರುಮಾಡಿದ್ದು. ಅದರ ಗುರುತು ರಸ್ತೆ ರಿಪೇರಿಯಲ್ಲಿ ಇಡುವ ಕಿತ್ತಳೆ ಬಣ್ಣದ ಕೋನ್. ಹಳೇದು, ಹೊಸದು, ಎಂಥ ವಿಡಿಯೋ ಕೊಟ್ಟರೂ ಹೆಚ್ಚುಕಡಿಮೆ ಎಲ್ಲವನ್ನೂ ಓಡಿಸುತ್ತದೆ.

ಮೂರನೇ ಕೆಲಸ: ಟಿ.ವಿ.ಗೆ ಜೋಡಿಸುವುದು

ಕಂಪ್ಯೂಟರ್ ಹಿಂದೆ ಎರಡು ಥರದ ತೂತು ನೋಡಿಕೊಳ್ಳಬೇಕು.

ಒಂದು ವಿ.ಜಿ.ಎ. ಸಾಮಾನ್ಯವಾಗಿ ನೀಲಿ ಬಣ್ಣ, ಮೂರು ಸಾಲಿನಲ್ಲಿ ೧೫ ತೂತು. ೧೯೮೭ರಲ್ಲಿ ಬಂದದ್ದು. ಇದರಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಸದ್ದು ಹೋಗಲ್ಲ. ಇನ್ನೊಂದು ಎಚ್.ಡಿ.ಎಂ.ಐ. ಇದರಲ್ಲಿ ೧೯ ಪಿನ್ನು. ಒಂದೇ ವೈರಿನಲ್ಲಿ ಚಿತ್ರ, ಸದ್ದು ಎರಡೂ ಹೋಗುತ್ತವೆ.

ನಮ್ಮ ಕಂಪ್ಯೂಟರಿನಲ್ಲಿ ವಿ.ಜಿ.ಎ. ಮಾತ್ರ ಇತ್ತು. ನಮ್ಮ ಟಿ.ವಿ.ಯೂ ಹಳೇದಾದ್ದರಿಂದ ಅದರಲ್ಲೂ ವಿ.ಜಿ.ಎ. ಇತ್ತು, ಬಚಾವಾದೆವು. ಸದ್ದಿಗಾಗಿ ಕಂಪ್ಯೂಟರಿನ ಹಸಿರು ತೂತಿನಿಂದ ಟಿ.ವಿ.ಯ ಆಡಿಯೋ ತೂತಿಗೆ ಬೇರೆ ವೈರು ಹಾಕಿದೆವು. ನಿಮ್ಮ ಟಿ.ವಿ.ಯಲ್ಲಿ ಎಚ್.ಡಿ.ಎಂ.ಐ. ಮಾತ್ರ ಇದ್ದರೆ ಬರೀ ವೈರು ಸಾಲದು. ವಿ.ಜಿ.ಎ. ಕಳಿಸುವುದು ಏರಿಳಿಯುವ ಅಲೆ, ಎಚ್.ಡಿ.ಎಂ.ಐ. ಕೇಳುವುದು ಅಂಕಿ. ಮಧ್ಯೆ ಭಾಷಾಂತರ ಮಾಡುವ ಕನ್ವರ್ಟರ್ ಪೆಟ್ಟಿಗೆ ಬೇಕು.

ಜೋಡಿಸಿದ ಮೇಲೆ ರಿಮೋಟಿನಲ್ಲಿ ಸೋರ್ಸ್ ಒತ್ತಿ ಪಿ.ಸಿ. ಆರಿಸಬೇಕು. ಎಷ್ಟೋ ಜನ ಇದನ್ನು ಮರೆತು ವೈರು ಸರಿಯಿಲ್ಲ ಅನ್ನುತ್ತಾರೆ. ನಾನೂ ಅಂದೆ.

ಅಜ್ಜಿಗೆ ಮೌಸ್ ಹಿಡಿಯಲು ಬರಲ್ಲ. ವಿ.ಎಲ್.ಸಿ.ಯಲ್ಲಿ ಕೀಬೋರ್ಡಿನ ಉದ್ದದ ಪಟ್ಟಿ ಒತ್ತಿದರೆ ನಾಟಕ ನಿಲ್ಲುತ್ತದೆ, ಮತ್ತೆ ಒತ್ತಿದರೆ ಓಡುತ್ತದೆ. ಆ ಪಟ್ಟಿಯ ಮೇಲೆ ನನ್ನ ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಅಜ್ಜಿಯ ಪಾಲಿಗೆ ಅದೇ ರಿಮೋಟು.

ಸೀಡಿಯಲ್ಲಿ ನಾಟಕ ಹೇಗೆ ಕೂತಿರುತ್ತೆ?

ಇದು ನನಗೆ ಬಹಳ ಇಷ್ಟವಾದ ಭಾಗ. ಗಣಿತ ಬರುವವರು ಲೆಕ್ಕ ಹಾಕಿ ನೋಡಿ.

ವಿಡಿಯೋ ಸೀಡಿ ೧೯೯೩ರಲ್ಲಿ ಬಂತು. ನಮ್ಮ ದೇಶದ ಟಿ.ವಿ. ಪದ್ಧತಿಯಲ್ಲಿ ಅದರ ಒಂದು ಚಿತ್ರಕ್ಕೆ ಅಡ್ಡ ೩೫೨, ಉದ್ದ ೨೮೮ ಚುಕ್ಕಿ. ಗುಣಿಸಿದರೆ ೧,೦೧,೩೭೬. ಒಂದು ಚುಕ್ಕಿಯ ಬಣ್ಣ ಬರೆಯಲು ೩ ಬೈಟು. ಸೆಕೆಂಡಿಗೆ ೨೫ ಚಿತ್ರ. ಎಲ್ಲ ಗುಣಿಸಿದರೆ ಸೆಕೆಂಡಿಗೆ ಸುಮಾರು ೭೬ ಲಕ್ಷ ಬೈಟು. ಒಂದು ಸೀಡಿಯಲ್ಲಿ ಸುಮಾರು ೭೦ ಕೋಟಿ ಬೈಟು ಹಿಡಿಯುತ್ತದೆ ಅಂದುಕೊಳ್ಳಿ. ಆಗ ಒಂದೂವರೆ ನಿಮಿಷದ ನಾಟಕಕ್ಕೇ ಸೀಡಿ ತುಂಬಿಹೋಗಬೇಕು. ಆದರೆ ಒಂದು ವಿಡಿಯೋ ಸೀಡಿಯಲ್ಲಿ ೭೪ ನಿಮಿಷ ಹಿಡಿಸುತ್ತಾರೆ. ಹೇಗೆ?

ಹೇಗೆಂದರೆ, ಬದಲಾಗದ್ದನ್ನು ಮತ್ತೆ ಮತ್ತೆ ಬರೆಯುವುದಿಲ್ಲ. ಶಕುನಿ ದಾಳ ಉರುಳಿಸುವಾಗ ಹಿಂದಿನ ಅರಮನೆ ಸೀನರಿ ಅಲ್ಲಾಡುವುದಿಲ್ಲ. ಅದನ್ನು ಒಂದು ಸಲ ಬರೆದು, ಆಮೇಲೆ ಕೈ ಎಷ್ಟು ಸರಿಯಿತು ಅನ್ನುವುದನ್ನು ಮಾತ್ರ ಬರೆಯುತ್ತಾರೆ. ಕಣ್ಣಿಗೆ ಗೊತ್ತಾಗದ ಸಣ್ಣ ವ್ಯತ್ಯಾಸ ಬಿಟ್ಟುಬಿಡುತ್ತಾರೆ. ಹೀಗೆ ಮಡಿಚಿಟ್ಟ ಸೀರೆಯನ್ನು ಬಿಚ್ಚಿ ಹರಡುವ ಕೆಲಸ ಪ್ರೊಸೆಸರಿನದು.

ಹೆಚ್ಚು ಬಿಗಿಯಾಗಿ ಮಡಿಚಿದಷ್ಟೂ ಬಿಚ್ಚುವ ಕೆಲಸ ಹೆಚ್ಚು. ೨೦೦೩ರಲ್ಲಿ ಬಂದ ಎಚ್.೨೬೪ ಎಂಬ ಮಡಿಕೆಯನ್ನು ನಮ್ಮ ಯಂತ್ರ ಬಿಚ್ಚುತ್ತದೆ. ೨೦೧೩ರಲ್ಲಿ ಬಂದ ಎಚ್.೨೬೫ ಇನ್ನೂ ಬಿಗಿ, ಅದಕ್ಕೆ ನಮ್ಮದು ಏದುಸಿರು ಬಿಡುತ್ತದೆ. ೪ಕೆ ಅನ್ನುವ ಚಿತ್ರದಲ್ಲಿ ಸುಮಾರು ೮೩ ಲಕ್ಷ ಚುಕ್ಕಿ, ಅಂದರೆ ತಾತನ ಸೀಡಿಯ ಸುಮಾರು ೮೨ ಪಟ್ಟು. ಅದು ನಮ್ಮಿಂದ ಆಗಲ್ಲ. ಮುದಿ ಎತ್ತಿಗೆ ಲಾರಿಯ ಹೊರೆ ಹೊರಿಸಬಾರದು. ಹಾಗಂತ ಎತ್ತನ್ನು ಮಾರಲೂಬಾರದು, ಹಗುರದ ಗಾಡಿ ಎಳೆಯುತ್ತದಲ್ಲ!

ತಾತನ ಸೀಡಿ

ಶನಿವಾರ ಸಂಜೆ ಸೀಡಿ ಹಾಕಿದೆವು. ಗಾಡಿ ಬರಲು ಒಂದೇ ರಾತ್ರಿ ಬಾಕಿ.

ಮೊದಲು ಅಣ್ಣ ಸೀಡಿಯ ಫೈಲನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಲು ನೋಡಿದ. ತಪ್ಪು ಅಂತ ಬಂತು. ಎರಡನೇ ಸಲವೂ ತಪ್ಪು. ಸೀಡಿ ಸತ್ತಿದೆ ಅಂದುಕೊಂಡೆವು. ಆಮೇಲೆ ಅಣ್ಣ ಎಲ್ಲೋ ಓದಿ ಕಾರಣ ಹೇಳಿದ. ಮಾಮೂಲಿ ಸೀಡಿಯಲ್ಲಿ ಒಂದು ಕಟ್ಟಿಗೆ ೨೦೪೮ ಬೈಟು ಮಾಹಿತಿ ಇಟ್ಟು, ಉಳಿದ ಜಾಗದಲ್ಲಿ ತಪ್ಪು ತಿದ್ದಿಕೊಳ್ಳುವ ಅಂಕಿಗಳನ್ನು ಇಡುತ್ತಾರೆ. ವಿಡಿಯೋ ಸೀಡಿಯಲ್ಲಿ ಆ ಜಾಗಕ್ಕೂ ವಿಡಿಯೋವನ್ನೇ ತುಂಬಿ ೨೩೨೪ ಬೈಟು ಮಾಡುತ್ತಾರೆ. ಅದಕ್ಕೇ ಲಿನಕ್ಸಿನಲ್ಲಿ ಮಾಮೂಲಿ ನಕಲು ಒಪ್ಪುವುದಿಲ್ಲ, ಅದಕ್ಕೇ ಗೀರು ಬಿದ್ದರೆ ವಿಡಿಯೋ ಸೀಡಿಗೆ ಪೆಟ್ಟೂ ಜಾಸ್ತಿ. ವಿ.ಎಲ್.ಸಿ.ಯಲ್ಲಿ ‘ಓಪನ್ ಡಿಸ್ಕ್’ಗೆ ಹೋಗಿ ವಿ.ಸಿ.ಡಿ. ಅಂತ ಆರಿಸಬೇಕು. ಓಡುವಾಗಲೇ ಕೆಂಪು ರೆಕಾರ್ಡ್ ಗುಂಡಿ ಒತ್ತಿದರೆ ಹಾರ್ಡ್ ಡಿಸ್ಕಿನಲ್ಲಿ ಉಳಿಯುತ್ತದೆ.

ಒಂದನೇ ಸೀಡಿ ಚೆನ್ನಾಗಿ ಬಂತು. ತಾತ ಇದ್ದದ್ದು ಎರಡನೆಯದರಲ್ಲಿ. ಅದರ ಮೇಲೆ ಗೀರು, ಬೆರಳಿನ ಗುರುತು ತುಂಬಾ ಇದ್ದವು. ಸೋಪಿನ ನೀರಿನಲ್ಲಿ ತೊಳೆದು ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿದೆವು. ಒರೆಸುವಾಗ ಗುಂಡಗೆ ಸುತ್ತಬಾರದು, ನಡುವಿನಿಂದ ಅಂಚಿಗೆ ನೇರ ಎಳೆಯಬೇಕು. ಯಾಕೆಂದರೆ ಸೀಡಿಯ ಬರಹ ಸುರುಳಿಯಾಗಿ ಸುತ್ತಿರುತ್ತದೆ. ಸುತ್ತಿನ ಗೀರು ಒಂದೇ ಜಾಗದ ಬರಹವನ್ನು ಉದ್ದಕ್ಕೆ ಅಳಿಸುತ್ತದೆ, ಅಡ್ಡ ಗೀರು ಚೂರು ಚೂರು ಮಾತ್ರ.

ಸೀಡಿ ತಿರುಗಿತು. ಪರದೆ ಸರಿಯಿತು. ಕಪ್ಪು ದಟ್ಟಿ ಉಟ್ಟ, ದಪ್ಪ ಹುಬ್ಬು ತಿದ್ದಿದ ಒಬ್ಬರು ಕುಂಟುತ್ತಾ ಬಂದರು. ನನಗೆ ಗುರುತು ಸಿಗಲಿಲ್ಲ. ಅಜ್ಜಿ ಮಾತ್ರ ಸೆರಗು ಸರಿಮಾಡಿಕೊಂಡು ಕೂತಿತು. ಆಮೇಲೆ ಅವರು ನಕ್ಕರು. ಆ ನಗು ಥೇಟ್ ನಮ್ಮಪ್ಪನದೇ! ಅಪ್ಪ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದವರು ಮೆಲ್ಲಗೆ ಒಳಗೆ ಬಂದು ಕೂತರು.

ಮೂವತ್ತೊಂದನೇ ನಿಮಿಷಕ್ಕೆ ತಾತ ಹಾಡಲು ಶುರುಮಾಡಿದರು. ಎರಡನೇ ಸಾಲಿಗೆ ಚಿತ್ರ ಚೌಕ ಚೌಕವಾಗಿ ಒಡೆಯಿತು, ಸದ್ದು ಕಿರ್ ಅಂದು ನಿಂತಿತು. ಮತ್ತೆ ತೊಳೆದೆವು, ಮತ್ತೆ ಹಾಕಿದೆವು. ಅದೇ ಜಾಗ. ಕೊನೆಗೆ ಅಣ್ಣ ಆ ಜಾಗ ಹಾರಿಸಿ ಮುಂದಿನಿಂದ ರೆಕಾರ್ಡ್ ಮಾಡಿದ. ಹೀಗೆ ಎರಡು ತುಂಡಾಯಿತು. ನಡುವೆ ಸುಮಾರು ೪೦ ಸೆಕೆಂಡು ಇಲ್ಲ. ನನಗೆ ಅಳು ಬಂತು. ಇನ್ನೂ ನಾಲ್ಕೈದು ವರ್ಷ ಮೊದಲೇ ತೆಗೆದಿಟ್ಟಿದ್ದರೆ ಅದೂ ಉಳಿಯುತ್ತಿತ್ತೇನೋ.

ಭಾನುವಾರ ಗುಜರಿ ಗಾಡಿ ಬಂತು. ಅಪ್ಪ ಹೊರಗೆ ಹೋಗಿ ಒಡೆದ ಎರಡು ಪ್ಲಾಸ್ಟಿಕ್ ಕೊಡ ಕೊಟ್ಟು ಕಳಿಸಿದರು.

ಖರ್ಚು ಮತ್ತು ಕರೆಂಟು

ರ‍್ಯಾಮ್ ೨೫೦ ರೂ., ಪೇಸ್ಟ್ ೫೦ ರೂ., ಸೆಲ್ ೩೦ ರೂ., ಸದ್ದಿನ ವೈರು ೬೦ ರೂ. ಒಟ್ಟು ೩೯೦ ರೂ. ಗುಜರಿಯವರು ಕೊಡುತ್ತಿದ್ದ ದುಡ್ಡಿಗಿಂತ ಹತ್ತು ರೂಪಾಯಿ ಕಡಿಮೆ. ವಿ.ಜಿ.ಎ. ವೈರು ಮೊದಲೇ ಇತ್ತು.

ಕಂಪ್ಯೂಟರ್ ಡಬ್ಬ ೮೦ ವ್ಯಾಟ್ ತಿನ್ನುತ್ತದೆ ಅಂತ ಹಿಡಿಯೋಣ. ದಿನಕ್ಕೆ ೩ ಗಂಟೆ ಓಡಿದರೆ ೨೪೦ ವ್ಯಾಟ್-ಗಂಟೆ. ೧೦೦೦ ಆದರೆ ಒಂದು ಯೂನಿಟ್. ಅಂದರೆ ನಾಲ್ಕು ದಿನಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್. ಅಪ್ಪನಿಗೆ ಈ ಲೆಕ್ಕ ಬರೆದು ತೋರಿಸಿದೆ. ಆದರೆ ಸುಮ್ಮನೆ ಆನ್ ಮಾಡಿ ಬಿಡಬಾರದು.

ನೆನಪಿಡಬೇಕಾದ ಅಂಶಗಳು

೧) ದೊಡ್ಡವರು ಜೊತೆಗಿಲ್ಲದೆ ಡಬ್ಬ ಬಿಚ್ಚಬೇಡಿ. ಎಸ್.ಎಂ.ಪಿ.ಎಸ್. ಯಾರಿದ್ದರೂ ಬಿಚ್ಚಬೇಡಿ.

೨) ಓಡುತ್ತಿರುವಾಗ ಪ್ಲಗ್ ಕೀಳಬೇಡಿ. ಶಟ್ ಡೌನ್ ಮಾಡಿ. ಮಿಂಚು ಗುಡುಗು ಇದ್ದರೆ ಪ್ಲಗ್ ತೆಗೆದೇ ಇಡಿ.

೩) ಡಬ್ಬವನ್ನು ಗೋಡೆಗೆ ಒತ್ತಿ ಇಡಬೇಡಿ, ಗಾಳಿಯಾಡಬೇಕು. ಮೇಲೆ ಬಟ್ಟೆ ಮುಚ್ಚುವುದಾದರೆ ಆಫ್ ಮಾಡಿದ ಮೇಲೆ.

೪) ಹಳೇ ವಿಡಿಯೋ, ಫೋಟೋ ಒಂದೇ ಕಡೆ ಇಡಬೇಡಿ. ಹಾರ್ಡ್ ಡಿಸ್ಕೂ ಒಂದಲ್ಲ ಒಂದು ದಿನ ಕೆಡುತ್ತದೆ. ತಾತನ ನಾಟಕ ಈಗ ಹಾರ್ಡ್ ಡಿಸ್ಕಿನಲ್ಲಿ, ಪೆನ್‌ಡ್ರೈವಿನಲ್ಲಿ, ಅಣ್ಣನ ಲ್ಯಾಪ್‌ಟಾಪಿನಲ್ಲಿ, ಮೂರು ಕಡೆ ಇದೆ.

೫) ಪೂರ್ತಿ ಕೆಟ್ಟ ಕಂಪ್ಯೂಟರನ್ನು ಸುಡಬೇಡಿ. ತಾಮ್ರಕ್ಕಾಗಿ ವೈರು ಸುಟ್ಟರೆ ಬರುವ ಹೊಗೆ ವಿಷ. ಹಳೇ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿರುತ್ತದೆ. ೨೦೨೩ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದ ಪ್ರಕಾರ ಇವು ನೋಂದಾಯ್ತ ಮರುಬಳಕೆದಾರರಿಗೆ ಹೋಗಬೇಕು.

ಕೊನೆಯ ಮಾತು

ಈಗ ವಾರಕ್ಕೊಮ್ಮೆಯಾದರೂ ನಮ್ಮನೇಲಿ ನಾಟಕ ನಡೆಯುತ್ತದೆ. ಅಕ್ಕಪಕ್ಕದ ಮನೆಯವರೂ ಬರುತ್ತಾರೆ. ಮೂವತ್ತೊಂದನೇ ನಿಮಿಷ ಬಂದ ಕೂಡಲೇ ಅಜ್ಜಿ ಕೆಂಪು ಬೊಟ್ಟಿನ ಪಟ್ಟಿ ಒತ್ತಿ ನಿಲ್ಲಿಸುತ್ತದೆ. ಇಲ್ಲದ ಆ ಸಾಲುಗಳನ್ನು ತಾನೇ ಹಾಡುತ್ತದೆ. ತಾಲೀಮಿನಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿತ್ತಂತೆ. ಮುಗಿದ ಮೇಲೆ ಮತ್ತೆ ಒತ್ತುತ್ತದೆ, ತಾತ ಮುಂದುವರಿಸುತ್ತಾರೆ. ನನಗೂ ಈಗ ಆ ಸಾಲು ಬರುತ್ತದೆ. ಬೇಕಾದರೆ ಶಕುನಿ ಮೊಮ್ಮಗಳೇ ಅಂತ ಕರೆಯಿರಿ, ನಾನು ಅಳಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲೂ ಮದುವೆ, ನಾಟಕ, ಜಾತ್ರೆಯ ಸೀಡಿ ಇದ್ದರೆ ಈಗಲೇ ತೆಗೆದು ನೋಡಿ. ನನ್ನ ಹತ್ತಿರ ತಂದರೆ ಅಣ್ಣ ಬಂದಾಗ ನಕಲು ಮಾಡಿಕೊಡುತ್ತೇವೆ. ದುಡ್ಡು ಬೇಡ, ಪೆನ್‌ಡ್ರೈವ್ ನೀವೇ ತನ್ನಿ. ಹಾಗೆಯೇ ಕುರುಕ್ಷೇತ್ರದ ಮೂರು ಮತ್ತು ನಾಲ್ಕನೇ ಸೀಡಿ ನಿಮ್ಮ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಕೊಡಿ. ಯಾರು ಒಯ್ದಿದ್ದು ಅಂತ ಯಾರೂ ಕೇಳುವುದಿಲ್ಲ.

ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.


ಶಕುನಿ ಮನೆ ಹುಡುಗಿ, ೭ನೇ ತರಗತಿ